ಕೌದಿಯ ಮೂಲೆ ಹಿಡಿದು ಚಿಕ್ಕಪೇಟೆಗೆ

ಗದಗಿನಿಂದ ಹೊರಟಾಗ ನನ್ನ ಬ್ಯಾಗಿನಲ್ಲಿ ಎರಡು ಜೊತೆ ಬಟ್ಟೆ ಮಾತ್ರ ಇತ್ತು. ಉಳಿದ ಜಾಗವೆಲ್ಲ ಅಜ್ಜಿಯ ಕೌದಿಗೆ ಹೋಗಿತ್ತು. ಬೆಂಗಳೂರಿನ ಚಿಕ್ಕಮ್ಮ ಅದನ್ನು ಕೇಳಿ ಎರಡು ವರ್ಷವಾಗಿತ್ತು. ಒಂದು ಮೂಲೆ ಹರಿದಿದೆ, ಅದಕ್ಕೆ ಹೊಂದುವ ಅರಿವಿ ಬೆಂಗಳೂರಲ್ಲಿ ಸಿಕ್ಕೀತು, ಅಲ್ಲೇ ತೇಪೆ ಹಾಕಿಕೊಳ್ಳಲಿ ಅಂತ ಅವ್ವ ಕೊಟ್ಟು ಕಳಿಸಿದಳು.

ಕೌದಿ ಅಂದರೆ ನಮ್ಮ ಕಡೆ ಮನೆಯವರೆಲ್ಲ ಉಟ್ಟು ಬಿಟ್ಟ ಬಟ್ಟೆಯ ಗಂಟು ಅನ್ನಬಹುದು. ಹಳೇ ಸೀರೆ, ಧೋತರ ಪದರ ಪದರವಾಗಿ ಹಾಸಿ, ಮೇಲೆ ತುಂಡು ಜೋಡಿಸಿ, ಕೈಯಲ್ಲೇ ಸಾಲು ಹೊಲಿಗೆ ಹಾಕಿ ಹೊದಿಕೆ ಮಾಡುತ್ತಾರೆ. ಅಜ್ಜಿಯ ಕೌದಿಯಲ್ಲಿ ಇಳಕಲ್ ಸೀರೆಯ ಕೆಂಪು ಸೆರಗಿದೆ. ಗುಳೇದಗುಡ್ಡದ ಖಣದ ಚೂರುಗಳಿವೆ, ಒಂದು ಕಾಲಕ್ಕೆ ಕುಪ್ಪಸವಾಗಿದ್ದವು. ಪೊಲೀಸ್ ಆಗಿದ್ದ ಸಣ್ಣಜ್ಜನ ಖಾಕಿ ಪ್ಯಾಂಟಿನ ತುಂಡಿದೆ. ಹರಿದ ಮೂಲೆಯಲ್ಲಿ ಮಾತ್ರ ಕೆಂಪು ಹೂವಿನ ಬಟ್ಟೆ. ಅಜ್ಜಿ ಅದನ್ನು 'ಚೀಟಿನ ಅರಿವಿ' ಅನ್ನುತ್ತಿದ್ದಳು.

ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು ಮಾಗಡಿ ರಸ್ತೆಯ ಚಿಕ್ಕಮ್ಮನ ಮನೆ ಸೇರಿದೆ. ಚಿಕ್ಕಮ್ಮ ಕೌದಿ ಬಿಚ್ಚಿ, ಮುಖಕ್ಕೆ ಹಿಡಿದು, ಸ್ವಲ್ಪ ಹೊತ್ತು ಸುಮ್ನೆ ನಿಂತಳು. ಆಮೇಲೆ ಖಾಕಿ ತುಂಡಿನ ಮೇಲೆ ಕೈಯಾಡಿಸಿ, "ಇದು ಬಿನ್ನಿ ಬಟ್ಟೆ ಇದ್ರೂ ಇರಬಹುದು ನೋಡು" ಅಂದಳು. ಆ ಮಿಲ್ಲಿನ ಜಾಗ ಅವಳ ಮನೆಗೆ ಹತ್ತಿರವೇ. 1884ರಲ್ಲಿ ಶುರುವಾದ ಗಿರಣಿ, ಆಮೇಲೆ ಬಿನ್ನಿ ಕಂಪನಿಯ ಕೈಗೆ ಬಂತು. ಸೈನಿಕರಿಗೆ, ಪೊಲೀಸರಿಗೆ ಖಾಕಿ, ಉಣ್ಣೆಯ ಕಂಬಳಿ ಅಂತ ಎಷ್ಟೋ ಬಟ್ಟೆ ಇಲ್ಲಿಂದ ಹೋಯಿತು. ಈಗ ಅಲ್ಲಿ ಎತ್ತರದ ಅಪಾರ್ಟ್‌ಮೆಂಟುಗಳಿವೆ. ಮಿಲ್ಲಿನ ಸೈರನ್ ಕೇಳಿ ಒಲೆ ಹಚ್ಚುತ್ತಿದ್ದ ಮನೆಗಳ ಬಗ್ಗೆ ಕಾಕಾ ತಿಂಡಿ ತಿನ್ನುತ್ತಾ ಹೇಳಿದರು. ಖಾಕ್ ಅಂದರೆ ಪಾರಸಿಯಲ್ಲಿ ಧೂಳು. ಧೂಳಿನ ಬಣ್ಣದ್ದು ಅನ್ನುವುದಕ್ಕೇ ಖಾಕಿ ಅಂತ ಹೆಸರು.

ತಿಂಡಿ ಆದ ಮೇಲೆ ನಾನೂ ಚಿಕ್ಕಮ್ಮನೂ ಮೆಟ್ರೊ ಹತ್ತಿದೆವು. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. ಕೌದಿಯನ್ನು ಮಡಚಿ, ಹರಿದ ಮೂಲೆ ಮೇಲೆ ಬರುವ ಹಾಗೆ ಚೀಲದಲ್ಲಿಟ್ಟುಕೊಂಡಿದ್ದೆವು.

ಈ ಪೇಟೆಗಳ ಹೆಸರು ಓದುತ್ತಾ ನಡೆದರೆ ಸಾಕು, ಊರು ತಾನಾಗಿಯೇ ಮಾತಾಡುತ್ತದೆ. 1537ರಲ್ಲಿ ಕೆಂಪೇಗೌಡರು ಊರು ಕಟ್ಟಿಸಿದಾಗ ಒಂದೊಂದು ಕಸುಬಿಗೆ ಒಂದೊಂದು ಬೀದಿ ಬಂತು ಅನ್ನುತ್ತಾರೆ. ಅರಳೆಪೇಟೆ ಅಂದರೆ ಹತ್ತಿಯ ಪೇಟೆ. ಬಳೇಪೇಟೆಯಲ್ಲಿ ಬಳೆ. ಅವೆನ್ಯೂ ರಸ್ತೆಯ ಹಳೇ ಹೆಸರು ದೊಡ್ಡಪೇಟೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಇಲ್ಲಿಗೆ ಬಂದು ನೇಕಾರರನ್ನು ಮಾತಾಡಿಸಿ ಬರೆದುಕೊಂಡು ಹೋದ. ಪಟ್ಟೇಗಾರರು, ಖತ್ರಿಗಳು ರೇಷ್ಮೆ ನೇಯುತ್ತಿದ್ದರು. ದೇವಾಂಗರು, ತೊಗಟರು ಹತ್ತಿ ನೇಯುತ್ತಿದ್ದರು. ಕನ್ನಡದಲ್ಲಿ ಇವರೆಲ್ಲರಿಗೂ ಹಳೆಯ ಒಂದು ಹೆಸರಿದೆ, ಜೇಡ. ನೂಲು ತೆಗೆಯುವ ಹುಳುವಿಗೂ ನೇಯುವ ಮನುಷ್ಯನಿಗೂ ಒಂದೇ ಮಾತು! ವಚನಕಾರ ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಅದೇ ಜೇಡ. ನನಗೆ ಈ ಮಾತು ಯಾವಾಗ ನೆನಪಾದರೂ ಸಂತೋಷವಾಗುತ್ತದೆ.

ಮೂರು ಅಂಗಡಿಗಳಲ್ಲಿ ನಮ್ಮ ಹೂವಿನ ಬಟ್ಟೆ ತೋರಿಸಿದೆವು. ಹೂವಿನ ಕಾಟನ್ ಬೇಕಾದಷ್ಟಿತ್ತು, ಇಂಥದ್ದು ಇರಲಿಲ್ಲ. ನಾಲ್ಕನೆಯ ಅಂಗಡಿ ಸಣ್ಣದು. ಬಿಳೀ ಗಾದಿಯ ಮೇಲೆ ಕೂತಿದ್ದ ವಯಸ್ಸಾದ ಯಜಮಾನರು ಕನ್ನಡಕ ಹಾಕಿಕೊಂಡು ಮೂಲೆಯನ್ನು ಬೆಳಕಿಗೆ ಹಿಡಿದರು.

"ಇದು ಮಿಷನ್ ಪ್ರಿಂಟ್ ಅಲ್ಲಮ್ಮ. ಅಚ್ಚು ಒತ್ತಿರೋದು. ಇಲ್ಲಿ ನೋಡಿ."

ಅವರ ಉಗುರಿನ ತುದಿಯಲ್ಲಿ ಒಂದು ಎಸಳು. ಸುತ್ತ ಕಪ್ಪು ಗೆರೆ, ಒಳಗೆ ಕೆಂಪು. ಆದರೆ ಕೆಂಪು ಗೆರೆಯೊಳಗೆ ಸರಿಯಾಗಿ ಕೂತಿರಲಿಲ್ಲ. ಒಂದು ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಹೊರಗೆ ಜಾರಿತ್ತು, ಇನ್ನೊಂದು ಪಕ್ಕ ಅಷ್ಟೇ ಖಾಲಿ ಉಳಿದಿತ್ತು. ಗೆರೆಗೆ ಒಂದು ಅಚ್ಚು, ಕೆಂಪಿಗೆ ಇನ್ನೊಂದು ಅಚ್ಚು. ಕೈ ಕೂದಲೆಳೆ ಸರಿದರೂ ಹೀಗಾಗುತ್ತದೆ. ಪಕ್ಕದ ಹೂವಿನಲ್ಲಿ ಎರಡೂ ಸರಿಯಾಗಿ ಕೂತಿದ್ದವು. ಇಷ್ಟು ವರ್ಷ ಹೊದ್ದುಕೊಂಡು ಮಲಗಿದ ಬಟ್ಟೆ, ನಾನು ಒಂದು ದಿನವೂ ಇದನ್ನು ನೋಡಿರಲಿಲ್ಲ.

ಅಜ್ಜಿಯ ಚೀಟು, ಹಿಂದಿಯ ಛೀಂಟ್, ಇಂಗ್ಲಿಷಿನ ಚಿಂಟ್ಜ್, ಎಲ್ಲ ಒಂದೇ ಮಾತು. ಹತ್ತಿಗೆ ಬಣ್ಣ ಸುಲಭವಾಗಿ ಹಿಡಿಯುವುದಿಲ್ಲ. ಮೊದಲು ಪಟಿಕದ ನೀರು ತಾಗಿಸಿ, ಆಮೇಲೆ ಮಂಜಿಷ್ಠದಂಥ ಬೇರಿನ ಬಣ್ಣದಲ್ಲಿ ಕುದಿಸಿದರೆ ಪಟಿಕ ಇದ್ದ ಕಡೆ ಮಾತ್ರ ಕೆಂಪು ಗಟ್ಟಿಯಾಗಿ ನಿಲ್ಲುತ್ತದೆ. ಒಗೆದರೆ ಹೋಗುವುದಿಲ್ಲ. ನಮ್ಮ ದೇಶದ ಬಣ್ಣಗಾರರಿಗೆ ಇದು ಕೈಯಲ್ಲಿದ್ದ ವಿದ್ಯೆ. ಇಂಥ ಬಟ್ಟೆ ಹಡಗಿನಲ್ಲಿ ಹೋದಾಗ ಯುರೋಪಿನವರು ಮುಗಿಬಿದ್ದು ಕೊಂಡರು. ಅಲ್ಲಿನ ನೇಕಾರರಿಗೆ ಹೊಟ್ಟೆಪಾಡಿನ ಪ್ರಶ್ನೆ ಬಂತು. ಫ್ರಾನ್ಸ್ 1686ರಲ್ಲಿ ಈ ಬಟ್ಟೆ ನಿಷೇಧಿಸಿತು, 1759ರ ತನಕ ಬಿಡಲಿಲ್ಲ. ಇಂಗ್ಲೆಂಡ್ 1700ರಲ್ಲಿ ಒಂದು ಕಾನೂನು ಮಾಡಿತು, ಸಾಲದೆ 1721ರಲ್ಲಿ ಇನ್ನೊಂದು. ಒಂದು ಹೂವಿನ ಬಟ್ಟೆಗೆ ಎರಡು ದೊಡ್ಡ ದೇಶಗಳು ಹೆದರಿದವು. ಮುಂದೆ ಅವರೇ ಯಂತ್ರದಲ್ಲಿ ಅಚ್ಚು ಹಾಕಿ ನಮ್ಮ ಸಂತೆಗಳಿಗೆ ತಂದು ಮಾರಿದರು. ನಮ್ಮ ಬಣ್ಣಗಾರರ ಒಲೆಗಳು ಒಂದೊಂದಾಗಿ ಆರಿದ್ದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಯಜಮಾನರ ಹತ್ತಿರವೂ ಅಂಥ ಬಟ್ಟೆ ಇರಲಿಲ್ಲ. ಕಾಫಿ ಕುಡಿಸಿ, "ಕಬ್ಬನ್‌ಪೇಟೆಲಿ ಇನ್ನೂ ಮಗ್ಗ ಇವೆ, ಕೇಳಿ ನೋಡಿ" ಅಂದರು.

ದಾರಿಯಲ್ಲಿ 'ಹಳೇ ಜರಿ ಸೀರೆ ಕೊಳ್ಳುತ್ತೇವೆ' ಅನ್ನುವ ಬೋರ್ಡು ಕಂಡಿತು. ಚಿಕ್ಕಮ್ಮ ಅದರ ಮುಂದೆ ನಿಂತುಬಿಟ್ಟಳು. ಅವಳ ಮದುವೆ ಸೀರೆ ಮೈಸೂರು ರೇಷ್ಮೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಶುರುವಾದ ಕಾರ್ಖಾನೆಯದು. ಆ ಸೀರೆಯ ಜರಿಯಲ್ಲಿ ನೂರಕ್ಕೆ 65 ಪಾಲು ಬೆಳ್ಳಿ, 0.65 ಪಾಲು ಚಿನ್ನ. ಹಳೇ ಸೀರೆ ಕೊಳ್ಳುವವರಿಗೆ ಬೇಕಾದದ್ದು ಆ ಬೆಳ್ಳಿ. ಸೀರೆ ಸುಟ್ಟು, ಜರಿ ಕರಗಿಸಿ, ಬೆಳ್ಳಿ ತೆಗೆಯುತ್ತಾರೆ. "ಕೊಡಬಾರದು ಕಣೇ, ಎಷ್ಟೇ ಕಷ್ಟ ಬಂದ್ರೂ ಕೊಡಬಾರದು" ಅಂದಳು. ಜೋರಾಗಿ ಹೇಳಿದ್ದರಿಂದ ಅಂಗಡಿಯವರು ತಿರುಗಿ ನೋಡಿದರು.

ಕಬ್ಬನ್‌ಪೇಟೆಯ ಓಣಿಗಳಲ್ಲಿ ಮಗ್ಗ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಖಟಾ ಖಟ್, ಖಟಾ ಖಟ್. ಸದ್ದು ಹಿಡಿದು ಹೋದೆವು. ಸಣ್ಣ ಮನೆ, ನೆಲಮಟ್ಟದ ಕೋಣೆಯಲ್ಲಿ ಎರಡು ವಿದ್ಯುತ್ ಮಗ್ಗ. ನೇಯುತ್ತಿದ್ದವರು ಒಂದನ್ನು ನಿಲ್ಲಿಸಿ ನಮ್ಮನ್ನು ಒಳಗೆ ಕರೆದರು. ಹಾಸಿನಲ್ಲಿ, ಅಂದರೆ ಮಗ್ಗದ ಉದ್ದಕ್ಕೆ ಬಿಗಿದ ನೂಲಿನಲ್ಲಿ, ಸಾವಿರಾರು ಎಳೆ, ನೇರಳೆ ಬಣ್ಣದ ರೇಷ್ಮೆ. ರಾಮನಗರ, ಶಿಡ್ಲಘಟ್ಟದ ಗೂಡು ಮಾರುಕಟ್ಟೆಗಳಿಂದ ಹೊರಟು ನೂಲಾಗಿ, ಹುರಿಯಾಗಿ, ಬಣ್ಣವಾಗಿ ಇಲ್ಲಿಗೆ ಬರುತ್ತದೆ.

ನನ್ನ ಕಣ್ಣು ಮಗ್ಗದ ಮೇಲೆ ನೇತಾಡುತ್ತಿದ್ದ ರಟ್ಟುಗಳ ಮೇಲಿತ್ತು. ಅಂಗೈ ಅಗಲದ ಉದ್ದನೆಯ ರಟ್ಟುಗಳನ್ನು ದಾರದಲ್ಲಿ ಪೋಣಿಸಿದ ಮಾಲೆ. ಪ್ರತಿ ರಟ್ಟಿನಲ್ಲೂ ತೂತುಗಳು. ತೂತು ಇದ್ದ ಕಡೆ ಆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಕೆಳಗೇ ಉಳಿಯುತ್ತದೆ. ಲಾಳಿ ಒಂದು ಸಲ ಹಾಯಲು ಒಂದು ರಟ್ಟು. ಅಂಚಿನಲ್ಲಿ ಒಂದು ನವಿಲು ಮೂಡಬೇಕಾದರೆ ಎಷ್ಟೊಂದು ರಟ್ಟು ತಿರುಗಬೇಕು ಯೋಚಿಸಿ. ಫ್ರಾನ್ಸಿನ ಲಿಯಾನ್ ಊರಿನ ಜಕಾರ್ಡ್ 1804ರ ಹೊತ್ತಿಗೆ ರೂಪಿಸಿದ ಉಪಾಯ ಇದು. 1830ರ ದಶಕದಲ್ಲಿ ಲೆಕ್ಕದ ಯಂತ್ರ ಮಾಡಲು ಕೂತ ಬ್ಯಾಬೇಜ್ ಈ ರಟ್ಟಿನ ಉಪಾಯವನ್ನೇ ತೆಗೆದುಕೊಂಡ. ಕಂಪ್ಯೂಟರಿಗೆ ರಟ್ಟಿನ ಕಾರ್ಡಿನಲ್ಲಿ ಲೆಕ್ಕ ಉಣಿಸುವ ಕಾಲಕ್ಕೂ ಅದೇ ಬಂತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುವ ನನ್ನ ತಮ್ಮನನ್ನು ಒಮ್ಮೆ ಈ ಓಣಿಗೆ ಕರೆದುಕೊಂಡು ಬರಬೇಕು.

"ಮಕ್ಕಳು ಕಲೀಲಿಲ್ವಾ?" ಅಂತ ಚಿಕ್ಕಮ್ಮ ಕೇಳಿದಳು.

"ಇಲ್ಲಕ್ಕ. ಓದಿ ಕೆಲಸಕ್ಕೆ ಸೇರಿದ್ರು. ಈ ಬೀದೀಲಿ ಮೊದಲು ಮಾತಾಡಬೇಕಾದ್ರೆ ಕೂಗಬೇಕಿತ್ತು, ಅಷ್ಟು ಮಗ್ಗ. ಈಗ ಪಿಸುಗುಟ್ಟಿದ್ರೂ ಕೇಳತ್ತೆ."

ಅವರು ಕೌದಿ ನೋಡಿ ಕೈ ಹಾಕಿದ್ದು ಹೂವಿಗಲ್ಲ, ಇಳಕಲ್ ಸೆರಗಿಗೆ. ಒಡಲು ಹತ್ತಿ, ಸೆರಗು ರೇಷ್ಮೆ. ಎರಡರ ಹಾಸಿನ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಸೇರಿಸಿದ ಜಾಗವನ್ನು ಬೆರಳಲ್ಲಿ ತಡವಿದರು. "ಎಂಥ ಕೆಲಸ! ಹರಿದ ಮೇಲೂ ಕೊಂಡಿ ಬಿಟ್ಟಿಲ್ಲ" ಅಂದರು. ಹೊರಡುವಾಗ ಕೆಂಪು ನೂಲಿನ ಒಂದು ಲಡಿ ಚಿಕ್ಕಮ್ಮನ ಕೈಗಿಟ್ಟರು, ಹಣ ತೆಗೆದುಕೊಳ್ಳಲಿಲ್ಲ.

ಮಧ್ಯಾಹ್ನ ಊಟ ಮಾಡಿ, ಕೆ.ಆರ್. ಮಾರುಕಟ್ಟೆ ದಾಟಿ ಟಿಪ್ಪುವಿನ ಬೇಸಿಗೆ ಅರಮನೆಗೆ ಹೋದೆವು. ಹೈದರಾಲಿ ಶುರು ಮಾಡಿದ್ದು, 1791ರಲ್ಲಿ ಟಿಪ್ಪು ಮುಗಿಸಿದ್ದು. ತೇಗದ ಕಂಬಗಳ ನಡುವೆ ತಣ್ಣಗಿತ್ತು. ಗೋಡೆಯ ಮೇಲೆ ಅಲ್ಲಲ್ಲಿ ಹಳೇ ಹೂಬಳ್ಳಿ ಮಾಸಿ ಉಳಿದಿದೆ. ಅದನ್ನು ನೋಡುತ್ತಾ ನಾನು ಚಿಕ್ಕಮ್ಮನಿಗೆ ಟಿಪ್ಪುವಿನ ಗುಡಾರದ ಕಥೆ ಹೇಳಿದೆ. ಬಂಗಾಳದಿಂದ ರೇಷ್ಮೆಹುಳು ತರಿಸಿದ, ಸೈನಿಕರ ಅಂಗಿಯ ಮೇಲೆ ಹುಲಿಪಟ್ಟೆ ಹಾಕಿಸಿದ ಆ ಸುಲ್ತಾನನಿಗೆ ಹೂವಿನ ಚೀಟಿನ ಬಟ್ಟೆಯ ಗುಡಾರವೂ ಇತ್ತು. ಈಗ ಅದು ವೇಲ್ಸ್‌ನ ಪೋವಿಸ್ ಕೋಟೆಯಲ್ಲಿದೆ. ಅಲ್ಲಿನ ದೊರೆಗಳು ಅದನ್ನು ತೋಟದ ಔತಣಗಳಿಗೆ ಕಟ್ಟುತ್ತಿದ್ದರು. ನಮ್ಮ ಕೌದಿಯ ಮೂಲೆಯ ದೊಡ್ಡಪ್ಪನಂಥ ಬಟ್ಟೆ ಅಷ್ಟು ದೂರ ಹೋಗಿ ಉಳಿದಿದೆ.

"ರಾಜರದು ಉಳೀತದ. ನಮ್ಮಂಥವರದು?" ಅಂದಳು ಚಿಕ್ಕಮ್ಮ. ಮೂವತ್ತು ವರ್ಷದ ಬೆಂಗಳೂರು ಕನ್ನಡ ಬಿಟ್ಟು ಗದಗಿನ ಮಾತು ಬಂದಿತ್ತು.

ನಾನೂ ಅದನ್ನೇ ಯೋಚಿಸುತ್ತಿದ್ದೆ. ಸಂಗ್ರಹಾಲಯದ ಗಾಜಿನೊಳಗೆ ಕೂರುವುದು ಹೆಚ್ಚಾಗಿ ಕಡಿಮೆ ಉಟ್ಟ ಬಟ್ಟೆ. ಪಟ್ಟಾಭಿಷೇಕದ್ದು, ಮದುವೆಯದ್ದು, ಪೆಟ್ಟಿಗೆಯಲ್ಲಿಟ್ಟದ್ದು. ಕಳೆ ಕೀಳುವಾಗ ಉಟ್ಟದ್ದು, ನೀರು ಹೊರುವಾಗ ಸಿಂಬೆ ಮಾಡಿದ್ದು ಉಳಿಯುವುದೇ ಇಲ್ಲ. ಮೊಹೆಂಜೊದಾರೊದಲ್ಲಿ ಸಿಕ್ಕ ಕೆಂಪು ಹತ್ತಿಯ ಚೂರು ಕೂಡ ಉಳಿದದ್ದು ಒಂದು ಬೆಳ್ಳಿ ಪಾತ್ರೆಗೆ ಅಂಟಿಕೊಂಡಿದ್ದಕ್ಕೆ. ಲೋಹದ ಕಿಲುಬು ಅದನ್ನು ಕಾಪಾಡಿತು. ಬೆಳ್ಳಿ ಇಲ್ಲದವರ ಮನೆಯ ಬಟ್ಟೆ ಮಣ್ಣಾಯಿತು. ಉಟ್ಟು ಸವೆಸಿದ ಬಟ್ಟೆಯನ್ನು ಹಾಗೇ ಹಿಡಿದಿಟ್ಟದ್ದು ನಮ್ಮಲ್ಲಿ ಕೌದಿಯೇ.

ಸಂಜೆ ಮನೆಗೆ ಬಂದಾಗ ಹೊಂದುವ ಬಟ್ಟೆ ಸಿಕ್ಕಿರಲಿಲ್ಲ, ಲಡಿ ಮಾತ್ರ ಇತ್ತು. ಚಿಕ್ಕಮ್ಮ ದೀಪದ ಕೆಳಗೆ ಕೂತು, ಹರಿದ ಮೂಲೆಯ ಹಳೇ ಹೊಲಿಗೆ ಬ್ಲೇಡಿನಿಂದ ಬಿಡಿಸಿದಳು. ಹೂವಿನ ಬಟ್ಟೆ ಮೇಲೆತ್ತಿದಾಗ ಒಳಪದರದಲ್ಲಿ ಇನ್ನೊಂದು ಕಂಡಿತು. ಹಳದಿ ಮಲ್ಲಿನ ಸಣ್ಣ ತುಂಡು, ಒಂದು ಅಂಚಿಗೆ ಹಸಿರು ದಾರದ ಕೈಹೊಲಿಗೆ. ಬೆಳಕೇ ಕಾಣದ್ದರಿಂದ ಬಣ್ಣ ಹೊಸದರ ಹಾಗಿತ್ತು. ಮಗುವಿನ ಕುಲಾಯಿಯದು ಅಂತ ಇಬ್ಬರಿಗೂ ಗೊತ್ತಾಯಿತು.

"ನಿಮ್ಮವ್ವಂದೇ ಇರಬೇಕು, ಹಿರೇಮಗಳಲ್ವಾ" ಅಂತ ಚಿಕ್ಕಮ್ಮ ಅವ್ವನಿಗೆ ವಿಡಿಯೊ ಕರೆ ಮಾಡಿ ತುಂಡನ್ನು ಫೋನಿನ ಮುಂದೆ ಹಿಡಿದಳು.

ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು. "ನಂದಲ್ಲವಾ, ನಿಂದು. ನಿನ್ನ ತೊಟ್ಟಿಲಿಗೆ ಹಾಕಿದಾಗ ಅವ್ವ ರಾತ್ರಿಯೆಲ್ಲ ಕೂತು ಹೊಲದಿದ್ಲು. ದೀಪ ಹಿಡಕೊಂಡಾಕಿ ನಾನs."

ಚಿಕ್ಕಮ್ಮ ಆ ರಾತ್ರಿ ತೇಪೆ ಹಾಕಲಿಲ್ಲ. ಮೂಲೆಯನ್ನು ತೆರೆದೇ ಇಟ್ಟು, ಕೌದಿ ಹೊದ್ದುಕೊಂಡು ಮಲಗಿದಳು.