ಬಕೆಟ್ ತುಂಬ್ಲಿಕ್ಕೆ ಎಷ್ಟು ಸೆಕೆಂಡ್ ಬೇಕು?

ಸೈಫನ್ನಿನ ಪ್ರಾಬ್ಲಂ ಇಲ್ಲದ ಫ್ಲೂಯಿಡ್ ಮೆಕ್ಯಾನಿಕ್ಸ್ ಬುಕ್ಕನ್ನು ನಾನಂತೂ ನೋಡ್ಲಿಲ್ಲ. ಮೇಲೊಂದು ಟ್ಯಾಂಕ್, ಅದರಿಂದ ಹೊರಟ ಪೈಪು ಒಂದು ದಿಬ್ಬ ಹತ್ತಿ ಇಳಿದು ಕೆಳಗೆ ನೀರು ಬಿಡ್ತದೆ, ವೇಗ ಎಷ್ಟು, ದಿಬ್ಬದ ಮೇಲೆ ಒತ್ತಡ ಎಷ್ಟು, ಇಷ್ಟೇ. ಒತ್ತಡ, ವೇಗ, ಎತ್ತರ ಮೂರನ್ನೂ ಜೋಡಿಸುವ ಬರ್ನೂಲಿ ಸಮೀಕರಣ ಹಾಕಿದ್ರೆ ನಾಲ್ಕು ಲೈನಲ್ಲಿ ಮುಗೀತದೆ. ಹುಡುಗರೆಲ್ಲ ಹಾಗೇ ಮುಗಿಸುದು. ನನಗೆ ಮಾತ್ರ ಇದರ ಹಿಂದೆ ಬೀಳ್ಲಿಕ್ಕೆ ಕಾರಣ ಇತ್ತು, ನಮ್ಮ ತೋಟಕ್ಕೆ ನೀರು ಬರುದೇ ಇಂಥ ಒಂದು ಸೈಫನ್ನಿಂದ.

ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ ಹೋದ್ರೆ ನಮ್ಮ ಮನೆ. ಈ ಕಡೆಯವರಿಗೆ ಸುರಂಗ ಎಂತ ಅಂತ ಹೇಳ್ಬೇಕಾಗಿಲ್ಲ, ಉಳಿದವರಿಗಾಗಿ ಹೇಳ್ತೇನೆ: ಬಾವಿ ಕೆಳಕ್ಕೆ ತೋಡಿದ್ರೆ ಸುರಂಗ ಗುಡ್ಡೆಯ ಬದಿಯಿಂದ ಅಡ್ಡಕ್ಕೆ ಮುರಕಲ್ಲು ಕೊರೆದು ಒಳಗೆ ಹೋಗುದು, ಬಗ್ಗಿಕೊಂಡು ನಡೀಬಹುದು, ಒಳಗೆ ಒಸರಿದ ನೀರು ತಾನಾಗಿ ಹೊರಗೆ ಹರಿದು ಬರ್ತದೆ. ಕಾಸರಗೋಡಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಹತ್ತಿರ ಮಳೆ ಬಂದ್ರೂ ಮಾರ್ಚಿಗೆ ಅಡಕೆ ಮರದ ಬುಡ ಒಣಗುವ ಊರು ಇದು, ಹಾಗಾಗಿ ಸುರಂಗದ ನೀರು ಅಂದ್ರೆ ಬಂಗಾರ. ಅಜ್ಜನ ಕಾಲದಲ್ಲಿ ಅದು ದಂಬೆಯಲ್ಲಿ, ಅಂದ್ರೆ ಅಡಕೆ ಮರ ಸೀಳಿ ಮಾಡಿದ ಕಾಲುವೆಯಲ್ಲಿ, ಗುಡ್ಡೆ ಸುತ್ತು ಹಾಕಿಕೊಂಡು ಬರ್ತಿತ್ತಂತೆ. ಅಪ್ಪ ಒಂದಿಂಚಿನ ಕರಿ ಪೈಪು ಹಾಕಿ ನೇರ ದಿಣ್ಣೆ ಹತ್ತಿಸಿ ಇಳಿಸಿದ್ರು. ಕರೆಂಟ್ ಬೇಡ, ಪಂಪ್ ಬೇಡ. ಆದ್ರೆ ಬೇಸಗೆ ಶುರುವಾದ ಮೇಲೆ ಮಧ್ಯಾಹ್ನದ ಹೊತ್ತಿಗೆ ನೀರು ನಿಲ್ತದೆ. ಆಗ ಅಪ್ಪ ಎರಡೂ ಕೊನೆ ಕಟ್ಟಿ, ದಿಣ್ಣೆ ಮೇಲಿನ ಜಾಯಿಂಟ್ ಬಿಡಿಸಿ, ಕೊಡದಲ್ಲಿ ನೀರು ಹೊಯ್ದು, ಪುನಃ ಜೋಡಿಸಿ ಬರ್ಬೇಕು. ಆ ಬಿಸಿಲಿಗೆ.

ಸ್ಟಡಿ ಲೀವಿಗೆ ಮನೆಗೆ ಬಂದಿದ್ದವ ಇದನ್ನೇ ಪ್ರಶ್ನೆ ಮಾಡಿ ಆನ್‌ಲೈನಲ್ಲಿ ಕೇಳಿದೆ. ಮೊದಲು ಒಂದು ಎಐ ಆ್ಯಪಿಗೆ ಹಾಕಿದ್ದೆ, ಅದು ಒಂದು ನಿಮಿಷದೊಳಗೆ ಉತ್ತರ ಕೊಟ್ಟಿತು: ನೀರಿನ ಮಟ್ಟಕ್ಕಿಂತ ಪೈಪಿನ ಬಾಯಿ 4 ಮೀಟರ್ ಕೆಳಗೆ ಇದ್ರೆ ವೇಗ ಸೆಕೆಂಡಿಗೆ 8.85 ಮೀಟರ್. ಲೆಕ್ಕ ಸರಿಯೇ, 2 ಇಂಟು 9.8 ಇಂಟು 4, ಅದರ ವರ್ಗಮೂಲ. ಪರೀಕ್ಷೆಯಲ್ಲಿ ಫುಲ್ ಮಾರ್ಕು. ಆದ್ರೆ ಆ ವೇಗದಲ್ಲಿ ನೀರು ಬರುದಾದ್ರೆ ನಮ್ಮ ಟಾಂಕಿಯ ಎದುರಿನ ಗೋಡೆ ಇರ್ತಿರ್ಲಿಲ್ಲ.

ಆನ್‌ಲೈನಲ್ಲಿ ಉತ್ತರಿಸಿದವರು ಯಾರೋ ರಿಟೈರ್ಡ್ ಇಂಜಿನಿಯರ್ ಇರ್ಬೇಕು, ಹೆಸರು ಊರು ಗೊತ್ತಿಲ್ಲ. ಅವರು ಉತ್ತರ ಕೊಡ್ಲೇ ಇಲ್ಲ, ತಿರುಗಿ ನನ್ನನ್ನೇ ಕೇಳಿದ್ರು: ಪೈಪು ಎಷ್ಟು ಉದ್ದ? ದಿಣ್ಣೆ ನೀರಿನ ಮಟ್ಟದಿಂದ ಎಷ್ಟು ಎತ್ತರ? ಒಂದು ಬಕೆಟ್ ತುಂಬ್ಲಿಕ್ಕೆ ಎಷ್ಟು ಸೆಕೆಂಡ್ ಬೇಕು? ಚಿತ್ರ ಬರ್ದು ಹಾಕಿ. ನನಗೆ ಸ್ವಲ್ಪ ಪಿತ್ತ ನೆತ್ತಿಗೇರಿತು, ಇಂಜಿನಿಯರಿಂಗ್ ಪ್ರಶ್ನೆ ಕೇಳಿದ್ರೆ ಬಕೆಟ್ ವಿಷಯ ಮಾತಾಡ್ತಾರಲ್ಲ ಅಂತ. ಆದ್ರೂ ಅಳೆದೆ. ಎತ್ತರಕ್ಕೆ ಮೇಸ್ತ್ರಿಗಳು ಲೆವೆಲ್ ನೋಡುವ ನೀರು ತುಂಬಿದ ಪಾರದರ್ಶಕ ಟ್ಯೂಬನ್ನೇ ತಂದದ್ದು, ಒಂದು ಕೊನೆ ಅಪ್ಪ ಹಿಡಿದದ್ದು, ಇನ್ನೊಂದು ನಾನು, ನಡುವೆ ಮುಳ್ಳಿನ ಪೊದೆ. "ನಿನ್ನ ಕಾಲೇಜಿನಲ್ಲಿ ಇದನ್ನೆಲ್ಲ ಹೇಳಿಕೊಡುದಿಲ್ವಾ?" ಅಂದ್ರು ಅಪ್ಪ. ಹೇಳಿಕೊಡ್ತಾರೆ, ಚೆನ್ನಾಗಿ ಪೇಂಟ್ ಹೊಡೆದ ಲ್ಯಾಬಿನ ಪೈಪಲ್ಲಿ.

ಸಿಕ್ಕಿದ ಲೆಕ್ಕ: ಪೈಪು 180 ಮೀಟರ್, ದಿಣ್ಣೆ ಒಂದೂವರೆ ಮೀಟರ್, 15 ಲೀಟರಿನ ಬಕೆಟ್ ತುಂಬ್ಲಿಕ್ಕೆ 50 ಸೆಕೆಂಡ್. ಅಂದ್ರೆ ಸೆಕೆಂಡಿಗೆ 0.3 ಲೀಟರ್, ಒಂದಿಂಚಿನ ಪೈಪಲ್ಲಿ ವೇಗ 0.6 ಮೀಟರ್. ಎಲ್ಲಿಯ 8.85, ಎಲ್ಲಿಯ 0.6! ಉಳಿದದ್ದೆಲ್ಲ ಹೋದದ್ದು ಘರ್ಷಣೆಗೆ. ಪೈಪಿನ ಘರ್ಷಣೆಗೆ ಎಷ್ಟು ಎತ್ತರದ ಬಲ ಹೋಗ್ತದೆ ಅಂತ ಹೇಳುವ ಡಾರ್ಸಿ-ವೈಸ್‌ಬಾಕ್ ಸೂತ್ರದಲ್ಲಿ ಫ್ರಿಕ್ಷನ್ ಫ್ಯಾಕ್ಟರ್ (ಘರ್ಷಣೆಯ ಅಂಕಿ) 0.03 ಅಂತ ಹಾಕಿದ್ರೆ 3.8 ಮೀಟರ್ ಬರ್ತದೆ, ನಾಲ್ಕಕ್ಕೆ ನಾಲ್ಕು ಹೆಚ್ಚುಕಮ್ಮಿ ಸರಿ. ಹಾಗೆ ತಾಳೆಯಾದದ್ದು ನೋಡಿ ನನಗಾದ ಖುಷಿ ಯಾವ ಸೆಮ್ಮಿನ ಗ್ರೇಡ್ ನೋಡಿಯೂ ಆದದ್ದಲ್ಲ.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಹತ್ತನೇವರೆಗೆ ಕನ್ನಡ ಮೀಡಿಯಂ. ಆದ್ರೆ ಚಿತ್ರ, ಅಳತೆ ಎರಡೂ ಇದ್ರೆ ಇಂಗ್ಲಿಷ್ ಹೇಗಿದೆ ಅಂತ ಯಾರೂ ನೋಡುದಿಲ್ಲ. ಈ ಸಲ ಅವರ ಉತ್ತರ ಬಂತು, ಉದ್ದಕ್ಕೆ. ದಿಣ್ಣೆ ಮೇಲೆ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಮ್ಮಿ. ನೀರಲ್ಲಿ ಕರಗಿದ ಗಾಳಿ ಅಲ್ಲಿ ಗುಳ್ಳೆಯಾಗಿ ಹೊರಗೆ ಬರ್ತದೆ, ಕರಿ ಪೈಪು ಬಿಸಿಲಿಗೆ ಕಾದ್ರೆ ಇನ್ನೂ ಜಾಸ್ತಿ, ಬಿಸಿ ನೀರಲ್ಲಿ ಗಾಳಿ ಕಮ್ಮಿ ಕರಗುದಲ್ವಾ. ಅಷ್ಟು ನಿಧಾನ ಹರಿಯುವ ನೀರಿಗೆ ಆ ಗುಳ್ಳೆಯನ್ನು ಕೆಳಗೆ ತಳ್ಳಿಕೊಂಡು ಹೋಗುವ ತಾಕತ್ತು ಯಾವಾಗಲೂ ಇರುದಿಲ್ಲ. ಗುಳ್ಳೆ ಸೇರಿದಷ್ಟೂ ನೀರು ನಿಧಾನ, ನಿಧಾನ ಆದಷ್ಟೂ ಗುಳ್ಳೆ ಸೇರುದು ಸಲೀಸು. ಕೊನೆಗೆ ಬಂದ್. ಅಪ್ಪ ಮೊದಲಿಂದ "ಸೆಕೆಗೆ ಕಟ್ಟುದು" ಅಂತ ಹೇಳ್ತಿದ್ದದ್ದು ಇದನ್ನೇ.

ಪೈಪ್ ಅಂಗಡಿಯವರು ಏರ್ ವಾಲ್ವ್ ಹಾಕಿ ಅಂದಿದ್ರು. ಅದನ್ನೂ ಕೇಳಿದೆ. ಬೇಡವೇ ಬೇಡ ಅಂತ ಬಂತು: ಒಳಗೆ ಒತ್ತಡ ಕಮ್ಮಿ ಇರುವಲ್ಲಿ ಬಾಯಿ ತೆರೆದ್ರೆ ಗಾಳಿ ಹೊರಗೆ ಹೋಗುದಿಲ್ಲ, ಹೊರಗಿನದ್ದೇ ಒಳಗೆ ನುಗ್ತದೆ. ಅದರ ಬದಲು ದಿಣ್ಣೆ ಮೇಲೆ ಟೀ (ಮೂರು ಬಾಯಿಯ ಜಾಯಿಂಟ್) ಹಾಕಿ, ಒಂದು ವಾಲ್ವ್, ಅದರ ಮೇಲೆ ಎರಡಡಿ ಉದ್ದದ ದಪ್ಪ ಪೈಪಿನ ತುಂಡು ನಿಲ್ಲಿಸಿ, ಅದಕ್ಕೆ ನೀರು ತುಂಬಿಸಿ, ತಲೆಗೆ ಇನ್ನೊಂದು ವಾಲ್ವ್. ಗುಳ್ಳೆಗಳು ಆ ತುಂಡಿಗೆ ಹತ್ತುತ್ತವೆ. ಅದರಲ್ಲಿ ಗಾಳಿ ತುಂಬಿದಾಗ ಕೆಳಗಿನ ವಾಲ್ವ್ ಮುಚ್ಚಿ ಮೇಲಿನದ್ದು ತೆರೆದು ನೀರು ಹೊಯ್ದು, ಮೇಲಿನದ್ದು ಮುಚ್ಚಿ ಕೆಳಗಿನದ್ದು ಬಿಟ್ರಾಯ್ತು, ಹರಿವು ನಿಲ್ಲುದೇ ಇಲ್ಲ. ಟಾಂಕಿಯ ಕಡೆ ಬಾಯಿಯನ್ನು ನೀರೊಳಗೆ ಮುಳುಗಿಸಿಡಿ ಅಂತಲೂ ಹೇಳಿದ್ರು, ಅಲ್ಲಿಂದಲೂ ಗಾಳಿ ಹತ್ತದ ಹಾಗೆ.

ಹಾಕಿದೆವು. ಈಗ ನಡು ಮಧ್ಯಾಹ್ನವೂ ನೀರು ಬರ್ತದೆ, ಎರಡು ಮೂರು ದಿನಕ್ಕೊಮ್ಮೆ ಯಾರಾದ್ರೂ ಹತ್ತಿ ವಾಲ್ವ್ ತಿರುಗಿಸಿದ್ರೆ ಸಾಕು. ನನಗೆ ಅಲ್ಲಿಗೇ ನಿಲ್ಸಲಿಕ್ಕೆ ಮನಸ್ಸಾಗ್ಲಿಲ್ಲ, ಪೈಪು ಒಂದಿಂಚಿನ ಬದಲು ಒಂದೂಕಾಲು ಮಾಡಿದ್ರೆ ನೀರು ಹತ್ರ ಹತ್ರ ಒಂದೂಮುಕ್ಕಾಲು ಪಟ್ಟು ಬರ್ತದೆ ಅಂತ ಲೆಕ್ಕ ಮಾಡಿ ಅಪ್ಪನಿಗೆ ತೋರಿಸಿದೆ. ಅವರು ಕಾಗದ ನೋಡ್ಲೇ ಇಲ್ಲ. "ಸುರಂಗದಲ್ಲಿ ಅಷ್ಟು ನೀರು ಉಂಟಾ?" ಅಂದ್ರು. ಅದನ್ನೂ ಹಾಗೇ ಬರ್ದು ಕಳಿಸಿದೆ. ಆ ಕಡೆಯಿಂದ ಬಂದದ್ದು ಒಂದೇ ಲೈನ್: ನಿಮ್ಮ ತಂದೆ ಹೇಳುದು ಸರಿ, ಪೈಪ್ ಬೇಡ, ಟಾಂಕಿ ದೊಡ್ಡದು ಮಾಡಿ, ರಾತ್ರಿಯ ನೀರು ಎಲ್ಲಿ ಹೋಗ್ತದೆ ನೋಡಿ. ನೋಡಿದೆ, ಟಾಂಕಿ ತುಂಬಿ ತೋಡಿಗೆ ಹೋಗ್ತಾ ಉಂಟು. ಮೇಸ್ತ್ರಿ ಎಸ್ಟಿಮೇಟ್ ಕೊಟ್ಟಿದ್ದಾರೆ, ಅಡಕೆ ಮಾರಿದ ಮೇಲೆ ನೋಡುವ ಅಂದಿದ್ದಾರೆ ಅಪ್ಪ.