ಬಾರೆನ್‌ಫೆಲ್ಡ್‌ನಿಂದ ಶೆನೆಫೆಲ್ಡ್‌ಗೆ: ನಿಯೋಬಿಯಮ್ ಕ್ಯಾವಿಟಿಗಳ ಜಾಡಿನಲ್ಲಿ

ಹ್ಯಾಂಬರ್ಗಿನ ಆಲ್ಟೋನಾ ರೈಲು ನಿಲ್ದಾಣದಿಂದ ಸಿಟಿ ಬಸ್ಸು ಹಿಡಿದರೆ ಬಾರೆನ್‌ಫೆಲ್ಡ್‌ನ ಡೆಸಿ ಪ್ರಯೋಗಾಲಯ ದೂರವೇನಲ್ಲ. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದ ಮೂಲಕ ಇಲ್ಲಿಗೆ ಬರುವ ಭಾರತೀಯ ಸಂಶೋಧಕರ ಗುರಿ ಪೆಟ್ರಾ-3 ಎಂಬ ಎಕ್ಸ್-ರೇ ಮೂಲ. ಲೀನಿಯರ್ ಆಕ್ಸಲರೇಟರ್‌ನ (ಕಣಗಳನ್ನು ನೇರ ದಾರಿಯಲ್ಲಿ ವೇಗಗೊಳಿಸುವ ಯಂತ್ರದ) ಹುಚ್ಚಿದ್ದವರು ಮಾತ್ರ ಮೊದಲೇ ಅನುಮತಿ ಪಡೆದು ಎಎಮ್‌ಟಿಎಫ್ ಎಂಬ ಪರೀಕ್ಷಾ ಹಾಲ್ ನೋಡಬೇಕು. ಯುರೋಪಿಯನ್ ಎಕ್ಸ್‌ಎಫ್‌ಇಎಲ್ ಎಂಬ ಎಕ್ಸ್-ರೇ ಲೇಸರ್ ಯಂತ್ರಕ್ಕೆಂದು ತಯಾರಾದ ಸುಮಾರು 800 ಕ್ಯಾವಿಟಿಗಳು (ರೇಡಿಯೊ ಅಲೆಗಳಿಂದ ಎಲೆಕ್ಟ್ರಾನ್‌ಗಳನ್ನು ವೇಗಗೊಳಿಸುವ ಲೋಹದ ಕೊಳವೆಗಳು) ಪರೀಕ್ಷೆಗೆ ಇಳಿದದ್ದು ಇಲ್ಲಿಯೇ.

ಒಂದೊಂದೂ ಮೀಟರಿಗಿಂತ ತುಸು ಉದ್ದ, ಒಂಬತ್ತು ಕೋಶ, 1.3 ಗಿಗಾಹರ್ಟ್ಸ್. 2.8 ಮಿ.ಮೀ. ದಪ್ಪದ, ಅತಿ ತಣಿದಾಗ ಅತಿವಾಹಕವಾಗುವ ನಿಯೋಬಿಯಮ್ ಹಾಳೆಯನ್ನು ಬಟ್ಟಲಿನ ಆಕಾರಕ್ಕೆ ಒತ್ತಿ, ನಿರ್ವಾತದಲ್ಲಿ ಎಲೆಕ್ಟ್ರಾನ್ ಕಿರಣದಿಂದ ಬೆಸೆಯುತ್ತಾರೆ. ಒಳಮೈಯಿಂದ ನೂರಕ್ಕೂ ಹೆಚ್ಚು ಮೈಕ್ರಾನ್ ಆಮ್ಲದಲ್ಲಿ ಕರಗಿಸುತ್ತಾರೆ. ಆಗ ಒಳಸೇರುವ ಹೈಡ್ರೋಜನ್ ತೆಗೆಯಲು 800 ಡಿಗ್ರಿ ಸೆಲ್ಸಿಯಸ್‌ನ ಕುಲುಮೆ. ಹೈಡ್ರೋಜನ್ ಉಳಿದರೆ 100 ಕೆಲ್ವಿನ್ ಆಸುಪಾಸಿನಲ್ಲಿ ಹೈಡ್ರೈಡ್ ಕಟ್ಟಿ, ಕ್ಯಾವಿಟಿಯ ಗುಣಾಂಕ (ಶಕ್ತಿಯನ್ನು ಎಷ್ಟು ಕಡಿಮೆ ನಷ್ಟದಲ್ಲಿ ಹಿಡಿದಿಡುತ್ತದೆ ಎಂಬ ಅಳತೆ) ಕುಸಿಯುತ್ತದೆ. ಕೊನೆಗೆ ಸುಮಾರು 100 ಬಾರ್ ಒತ್ತಡದ ಶುದ್ಧ ನೀರಿನ ತೊಳೆತ, 120 ಡಿಗ್ರಿಯಲ್ಲಿ 48 ತಾಸು ಬಿಸಿ.

ಹಾಲ್‌ನಲ್ಲಿ ನಾಲ್ಕು ಕ್ಯಾವಿಟಿಗಳನ್ನು ಒಂದೇ ಚೌಕಟ್ಟಿಗೆ ನೇತುಹಾಕಿ ಆಳದ ಕ್ರಯೋಸ್ಟಾಟ್‌ಗೆ (ಅತಿಶೀತಲ ಪಾತ್ರೆಗೆ) ಇಳಿಸುತ್ತಿದ್ದರು. ಸುತ್ತ ಕಾಂತಕವಚ ಇರಲೇಬೇಕು. ಇಲ್ಲದಿದ್ದರೆ ಭೂಮಿಯ ಕಾಂತಕ್ಷೇತ್ರ ಲೋಹದೊಳಗೆ ಸಿಕ್ಕಿಕೊಂಡು ರೋಧವನ್ನು ಏರಿಸುತ್ತದೆ. ಹೀಲಿಯಂ ಆವಿಯನ್ನು ಸುಮಾರು 31 ಮಿಲಿಬಾರ್‌ಗೆ ಎಳೆದರೆ 2 ಕೆಲ್ವಿನ್. ಆಮೇಲೆ ಕೇಬಲ್‌ಗಳ ನಷ್ಟವನ್ನು ಸರಿಯಾಗಿ ಅಳೆಯದಿದ್ದರೆ ಮುಂದಿನ ಅಂಕಿಗಳೆಲ್ಲ ತಪ್ಪುತ್ತವೆ. ಮೀಟರಿಗೆ 23.6 ಮೆಗಾವೋಲ್ಟ್ ವೇಗವರ್ಧಕ ಕ್ಷೇತ್ರದಲ್ಲಿ ಗುಣಾಂಕ ಸಾವಿರ ಕೋಟಿ ಇರಬೇಕೆಂಬುದು ವಿನ್ಯಾಸದ ಗುರಿ. ಅಷ್ಟಿದ್ದರೂ ನಿರಂತರ ಚಾಲನೆಯಲ್ಲಿ ಗೋಡೆಗಳಿಗೆ ಸುಮಾರು 60 ವ್ಯಾಟ್ ಶಾಖ ಇಳಿಯುತ್ತದೆ.

ಕ್ವೆಂಚ್ (ಅತಿವಾಹಕತೆ ಹಠಾತ್ತನೆ ಕಳೆಯುವುದು) ಆಗುವುದು ಸಾಮಾನ್ಯವಾಗಿ ಬೆಸುಗೆಯ ಬಳಿಯ ಸಣ್ಣ ಕುಳಿ ಅಥವಾ ಉಬ್ಬಿನಿಂದ. ಅದು ತೊಳೆತಕ್ಕೆ ಬಗ್ಗುವ ದೋಷವಲ್ಲ, ಮೈಯನ್ನೇ ಕೆರೆಯಬೇಕು. ಫೀಲ್ಡ್ ಎಮಿಷನ್ ಬೇರೆ ರೋಗ. ಒಂದು ಧೂಳಿನ ಕಣ ಎಲೆಕ್ಟ್ರಾನ್ ಉಗುಳತೊಡಗಿದರೆ ಎಕ್ಸ್-ರೇ ಮಾಪಕ ಏರುತ್ತದೆ, ಗುಣಾಂಕ ಇಳಿಯುತ್ತದೆ. ಪಂಪನ್ನು ಆತುರದಿಂದ ಚಾಲೂ ಮಾಡಿದರೂ ಸಾಕು, ಗಾಳಿಯ ಸುಳಿ ಪೈಪಿನ ಧೂಳನ್ನು ಒಳಕ್ಕೆ ಒಯ್ಯುತ್ತದೆ. ಅದಕ್ಕೇ ಹರಿವನ್ನು ಬಿಗಿಹಿಡಿದು ನಿಧಾನವಾಗಿ ಎಳೆಯುವುದು. ಫೀಲ್ಡ್ ಎಮಿಷನ್‌ಗೆ ಬಹುಮಟ್ಟಿಗೆ ಮತ್ತೊಮ್ಮೆ ನೀರಿನ ತೊಳೆತವೇ ಮದ್ದು. ಕಾರ್ಖಾನೆಯಿಂದ ಬಂದಾಗ ಸರಾಸರಿ ಮೀಟರಿಗೆ 27.7 ಮೆಗಾವೋಲ್ಟ್ ಇದ್ದ ಬಳಸಬಹುದಾದ ಕ್ಷೇತ್ರ, ದುರಸ್ತಿಯ ನಂತರ 29.8ಕ್ಕೆ ಏರಿತು. ಆಮ್ಲಕ್ಕಿಂತ ನೀರೇ ಅಗ್ಗವೆಂಬುದೂ ಗಮನಿಸಬೇಕಾದ ಮಾತು.

ಇಲ್ಲಿಂದ ಶೆನೆಫೆಲ್ಡ್‌ವರೆಗೆ ಮನೆ, ರಸ್ತೆಗಳ ಕೆಳಗೆ 3.4 ಕಿ.ಮೀ. ಉದ್ದದ ಎಕ್ಸ್‌ಎಫ್‌ಇಎಲ್ ಯಂತ್ರ ಮಲಗಿದೆ. ಮೇಲೆ ಓಡಾಡುವವರಿಗೆ ಅದರ ಸುಳಿವೂ ಇಲ್ಲ. ಸುರಂಗದಲ್ಲಿ ಎಂಟು ಕ್ಯಾವಿಟಿಗೆ ಒಂದು ಮಾಡ್ಯೂಲ್, ನಾಲ್ಕು ಮಾಡ್ಯೂಲ್‌ಗೆ ಒಂದು ಕ್ಲೈಸ್ಟ್ರಾನ್ (ರೇಡಿಯೊ ಅಲೆಯ ಶಕ್ತಿ ಒದಗಿಸುವ ಕೊಳವೆ). 32 ಕ್ಯಾವಿಟಿಗಳಿಗೂ ಶಕ್ತಿಯನ್ನು ಸಮನಾಗಿ ಹಂಚಿದರೆ ದುರ್ಬಲವಾದದ್ದು ಉಳಿದೆಲ್ಲವನ್ನೂ ತಡೆಹಿಡಿಯುತ್ತದೆ. ಹಾಗಾಗಿ ಹಾಲ್‌ನಲ್ಲಿ ಅಳೆದ ಮಿತಿಗಳನ್ನು ಮುಂದಿಟ್ಟುಕೊಂಡು ವೇವ್‌ಗೈಡ್‌ಗಳಲ್ಲಿ (ಅಲೆಗಳನ್ನು ಒಯ್ಯುವ ಲೋಹದ ನಾಳಗಳಲ್ಲಿ) ಶಕ್ತಿಯ ಪಾಲನ್ನು ಹೊಂದಿಸಿದರು. 2018ರ ಜುಲೈನಲ್ಲಿ ಯಂತ್ರ ತನ್ನ ವಿನ್ಯಾಸದ 17.5 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಮುಟ್ಟಿತು.