ಹೆಬ್ಬೆಟ್ಟಿನ ಹುಲಿಗೆವ್ವ, ಸಹಿಯ ಹುಲಿಗೆಮ್ಮ

18 ನವೆಂಬರ್ 2025, ಮಂಗಳವಾರ, ಕೊಪ್ಪಳ

ಇವತ್ತು ರಜೆ ಹಾಕಿ, ಅವ್ವನ ಹಳೆ ಪಾಸ್‌ಬುಕ್ ಹಿಡಿದು ಅವಳ ಜೊತೆ ಊರಿನ ಬ್ಯಾಂಕಿಗೆ ಹೋಗಿ ಬಂದೆ. ಸುಸ್ತಾಗಿದೆ. ಆದರೂ ಮರೆಯುವ ಮುಂಚೆ ಬರೆದಿಡ್ತೀನಿ, ಯಾಕಂದ್ರೆ ಇಂಥ ಪಾಸ್‌ಬುಕ್ ನಮ್ಮ ಕಡೆ ಎಷ್ಟು ಮನೆಯ ಟ್ರಂಕಿನಲ್ಲಿ ಬಿದ್ದಿದೆಯೋ ಯಾರಿಗೆ ಗೊತ್ತು.

ದೀಪಾವಳಿಗೆ ಮನೆಗೆ ಸುಣ್ಣ ಹಚ್ಚುವಾಗ ಅದು ಸಿಕ್ಕಿತ್ತು. ಮೇಲೆ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಅಂತ ಇದೆ. ವಿಳಾಸದಲ್ಲಿ ಯಲಬುರ್ಗಾ ತಾಲ್ಲೂಕು, ರಾಯಚೂರು ಜಿಲ್ಲೆ. ಕೊಪ್ಪಳ ಜಿಲ್ಲೆ ಆಗಿದ್ದೇ 1997ರಲ್ಲಿ ಅಲ್ವಾ, ಇದು ಅದಕ್ಕೂ ಹತ್ತು ವರ್ಷ ಹಿಂದಿನದು. ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಎಲ್ಲಾ ನೀಲಿ ಶಾಯಿಯಲ್ಲಿ ಕೈಯಿಂದ ಬರೆದದ್ದು, ಪ್ರತಿ ಸಾಲಿನ ತುದಿಗೂ ಯಾರದೋ ಚಿಕ್ಕ ಸಹಿ. ಐದು ರೂಪಾಯಿ, ಎಂಟು ರೂಪಾಯಿ, ಹನ್ನೆರಡು ರೂಪಾಯಿ ಜಮಾ. ಕೊನೆಯ ಸಾಲು 1994ರದು, ಉಳಿಕೆ 1,460 ರೂಪಾಯಿ.

ಖಾತೆ ಮಾಡಿಸಿದ್ದು 1987ರಲ್ಲಿ, ಐಆರ್‌ಡಿಪಿ ಅನ್ನೋ ಸರ್ಕಾರಿ ಗ್ರಾಮೀಣಾಭಿವೃದ್ಧಿ ಯೋಜನೆಯ ಸಾಲದಲ್ಲಿ ಎಮ್ಮೆ ತಗೊಳ್ಳುವಾಗ. ಹಾಲು ಮಾರಿ ಸಾಲ ತೀರಿಸಿ, ಉಳಿದದ್ದನ್ನು ಅದೇ ಖಾತೆಗೆ ಹಾಕುತ್ತಾ ಬಂದಿದ್ದಳು ಅವ್ವ. ಆಮೇಲೆ ಮಳೆ ಕೈಕೊಟ್ಟಿತು, ಎಮ್ಮೆ ಮಾರಿದರು, ಅಪ್ಪ ಅವ್ವ ನಮ್ಮನ್ನ ಕಟ್ಟಿಕೊಂಡು ಮಂಗಳೂರಿಗೆ ಗುಳೆ ಹೋದರು. ವಾಪಸ್ ಬಂದಾಗ ಅವ್ವನಿಗೆ ಯಾರೋ "ಅಷ್ಟು ವರ್ಷ ಬಿಟ್ರ ರೊಕ್ಕ ಸರಕಾರಕ್ಕ ಹೋಗ್ತೈತಿ" ಅಂದಿದ್ದರಂತೆ. ಅವಳು ನಂಬಿ ಸುಮ್ಮನಾಗಿಬಿಟ್ಟಳು.

ಆ ಮಾತು ಅರ್ಧ ನಿಜ, ಅದಕ್ಕೇ ಅದು ಜಾಸ್ತಿ ಕೆಟ್ಟದ್ದು. ಎರಡು ವರ್ಷ ಖಾತೆಯಲ್ಲಿ ನಮ್ಮ ಕಡೆಯಿಂದ ವ್ಯವಹಾರ ಇಲ್ಲದಿದ್ದರೆ ಅದು ನಿಷ್ಕ್ರಿಯ ಆಗುತ್ತದೆ. ಹತ್ತು ವರ್ಷ ಯಾರೂ ಕೇಳದಿದ್ದರೆ ಹಣ ರಿಸರ್ವ್ ಬ್ಯಾಂಕಿನ ಡಿಇಎ ನಿಧಿಗೆ, ಅಂದರೆ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ. 2014ರಲ್ಲಿ ಆ ನಿಧಿ ಶುರುವಾಯಿತು. ಆದರೆ ಹಕ್ಕು ಎಲ್ಲಿಗೂ ಹೋಗಲ್ಲ. ಖಾತೆದಾರರು ಯಾವಾಗ ಬಂದು ಕೇಳಿದರೂ ಬ್ಯಾಂಕ್ ಬಡ್ಡಿ ಸೇರಿಸಿ ಕೊಡಬೇಕು, ಕೊಟ್ಟ ಮೇಲೆ ಅದು ಆ ನಿಧಿಯಿಂದ ವಾಪಸ್ ತಗೊಳ್ಳುತ್ತದೆ. ನಿಧಿಗೆ ಹೋದ ಉಳಿತಾಯ ಖಾತೆಯ ಹಣಕ್ಕೂ ಬಡ್ಡಿ ಉಂಟು, ಮೊದಲು ಶೇ. 4, 2018ರ ಜುಲೈನಿಂದ ಶೇ. 3.5, 2021ರ ಮೇ ತಿಂಗಳಿಂದ ಶೇ. 3.

ನಾನು ಮೊದಲು ಉದ್ಗಮ್ ಪೋರ್ಟಲ್‌ನಲ್ಲಿ ಹುಡುಕಿದೆ, ಯಾರೂ ಕೇಳದೆ ಉಳಿದ ಠೇವಣಿ ಹುಡುಕಲು 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಶುರು ಮಾಡಿದ್ದು. ಅವ್ವನ ಹೆಸರು, ವೋಟರ್ ಐಡಿ ಹಾಕಿದೆ, ಏನೂ ಬರಲಿಲ್ಲ. ಒಂದು ಕಂಪ್ಯೂಟರ್ ಅಂಗಡಿಯವನು ತಾನು ಹುಡುಕಿಕೊಡ್ತೀನಿ, ಸಿಕ್ಕಿದ್ದರಲ್ಲಿ ನೂರಕ್ಕೆ ಇಪ್ಪತ್ತು ಕೊಡಿ ಅಂದ. ದಯವಿಟ್ಟು ಯಾರೂ ಹೀಗೆ ಕೊಡಬೇಡಿ. ಖಾತೆ ಮತ್ತೆ ಚಾಲೂ ಮಾಡಿಸಲು ಬ್ಯಾಂಕ್ ಕೂಡ ಶುಲ್ಕ ಕೇಳುವಂತಿಲ್ಲ.

ಸರಿ, ನೇರ ಶಾಖೆಗೇ ಹೋದೆವು. ಬೋರ್ಡು ಬೇರೆ ಆಗಿದೆ. ತುಂಗಭದ್ರಾ ಹೋಗಿ 2005ರಲ್ಲಿ ಪ್ರಗತಿ ಆಯಿತು, 2013ರಲ್ಲಿ ಪ್ರಗತಿ ಕೃಷ್ಣ, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್, ಈ ವರ್ಷ ಮೇ 1ಕ್ಕೆ ಧಾರವಾಡದ ವಿಕಾಸ ಬ್ಯಾಂಕೂ ಬಂದು ಸೇರಿತು. ಹೆಸರು ಎಷ್ಟು ಬದಲಾದರೂ ಹಳೆ ಬ್ಯಾಂಕಿನ ಬಾಕಿ ಹೊಸದರ ತಲೆ ಮೇಲೆ ಇದ್ದೇ ಇರುತ್ತದೆ. ಕೌಂಟರಿನ ಹುಡುಗಿ ಪಾಸ್‌ಬುಕ್ಕನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು, ನೋಡಿ ಖುಷಿಪಟ್ಟಳು.

ಕಷ್ಟ ಬಂದದ್ದು ಬೇರೆ ಕಡೆ. ಪಾಸ್‌ಬುಕ್‌ನಲ್ಲಿ ಹುಲಿಗೆವ್ವ, ಹೆಬ್ಬೆಟ್ಟು. ಆಧಾರ್‌ನಲ್ಲಿ ಹುಲಿಗೆಮ್ಮ, ಅವ್ವ ಈಗ ಮಾಡುವುದು ಸಹಿ. ಗುಳೆಯಿಂದ ಬಂದ ಮೇಲೆ ಊರಲ್ಲಿ ರಾತ್ರಿ ಶಾಲೆಗೆ ಹೋಗಿ ಅವ್ವ ಅಕ್ಷರ ಕಲಿತಳು. ಕಲಿಸಿದ ಮೇಷ್ಟ್ರು "ಹುಲಿಗೆಮ್ಮ" ಅಂತ ಬರೆಸಿದರು, ಇವಳು ಅದನ್ನೇ ತಿದ್ದಿ ತಿದ್ದಿ ಗಟ್ಟಿ ಮಾಡಿಕೊಂಡಳು. ರೇಷನ್ ಕಾರ್ಡು, ವೋಟರ್ ಐಡಿ ಎಲ್ಲಾ ಆ ಹೆಸರಲ್ಲೇ ಆದವು. ಓದು ಕಲಿತ ತಪ್ಪಿಗೆ ಕಾಗದದ ಮೇಲೆ ಅವ್ವ ಬೇರೆಯೇ ಹೆಂಗಸು ಆಗಿದ್ದಳು. ಇದರಿಂದ ನನಗೆ ಬಹಳ ಸಂಕಟ ಆಯಿತು.

ಮ್ಯಾನೇಜರ್ ವಯಸ್ಸಿನಲ್ಲಿ ಚಿಕ್ಕವರು, ತಾಳ್ಮೆಯವರು. ಹಳೆ ಲೆಡ್ಜರುಗಳನ್ನು ಕೆಲವು ವರ್ಷಗಳಾದ ಮೇಲೆ ತೆಗೆದುಹಾಕಬಹುದು, ಆದರೆ ಆ ನಿಧಿಗೆ ಹೋದ ಖಾತೆಗಳ ದಾಖಲೆಯನ್ನು ಕಾಯಂ ಇಟ್ಟುಕೊಳ್ಳಬೇಕು ಅಂತ ನಿಯಮ ಇದೆ ಅಂದರು. ಒಳಗೆ ಹೋಗಿ ಅರ್ಧ ಗಂಟೆ ಆದ ಮೇಲೆ ಒಂದು ಕಟ್ಟು ತಂದರು. ಮೂಲೆ ಹರಿದ ಅರ್ಜಿ ಫಾರ್ಮು. ಹೆಬ್ಬೆಟ್ಟಿನ ಗುರುತು, ಪಕ್ಕದಲ್ಲಿ ಕಪ್ಪು ಬಿಳುಪು ಫೋಟೋ, ಪರಿಚಯ ಮಾಡಿಸಿದವರು ಅನ್ನೋ ಕಡೆ ಊರಿನ ಕಿರಾಣಿ ಅಂಗಡಿ ಅಜ್ಜನ ಸಹಿ. ಆಗ ಪರಿಚಯದವರ ಸಹಿ ಇಲ್ಲದೆ ಖಾತೆ ತೆರೆಯುತ್ತಿರಲಿಲ್ಲ. ಅಜ್ಜ ತೀರಿಹೋಗಿ ಕಾಲ ಆಯಿತು.

ಕೆಳಗೆ ಇನ್ನೊಂದು ಸಾಲು ಇತ್ತು. ಸಹಿ ಬಾರದವರಿಗೆ ಮೈಮೇಲಿನ ಗುರುತು ಬರೆದುಕೊಳ್ಳುತ್ತಿದ್ದರಂತೆ. ಮ್ಯಾನೇಜರ್ ಓದಿದರು, "ಎಡ ಮುಂಗೈ ಮೇಲೆ ಕುಡುಗೋಲಿನ ಗಾಯದ ಕಲೆ."

ಅವ್ವ ಬಳೆ ಮೇಲೆ ಸರಿಸಿ ಕೈಯನ್ನು ಟೇಬಲ್ ಮೇಲೆ ಇಟ್ಟಳು. "ಸಜ್ಜಿ ಕೊಯ್ಯುವಾಗ ಆಗಿದ್ದುರಿ ಸಾಹೇಬ್ರ, ಇವನು ಹೊಟ್ಟ್ಯಾಗಿದ್ದ." ಕಲೆ ಬಿಳಿ ದಾರದ ಹಾಗೆ ಇದೆ. ನಾನು ಚಿಕ್ಕಂದಿನಿಂದ ನೋಡಿದ್ದೇನೆ, ಯಾವತ್ತೂ ಕೇಳಿರಲಿಲ್ಲ.

ಅದರ ಮೇಲೆ ಒಂದಿಷ್ಟು ಕಾಗದ ಬೇಕು. ಎರಡೂ ಹೆಸರು ಒಬ್ಬಳದೇ ಅಂತ ನೋಟರಿ ಮುಂದೆ ಅಫಿಡವಿಟ್, ಆಧಾರ್, ವೋಟರ್ ಐಡಿ, ಹೊಸ ಫೋಟೋ, ಗ್ರಾಮ ಆಡಳಿತಾಧಿಕಾರಿಯಿಂದ ಒಂದು ದೃಢೀಕರಣ. ಅಫಿಡವಿಟ್ ನಾಳೆ ಮಾಡಿಸ್ತೀನಿ. ಅರ್ಜಿ ಇವತ್ತೇ ಕೊಟ್ಟೆವು, ಸ್ವೀಕೃತಿ ಬರೆಸಿಕೊಂಡೆ, ಅದನ್ನು ಮಾತ್ರ ಮರೆಯಬೇಡಿ. ಅವ್ವ ನಿಧಾನಕ್ಕೆ ಹುಲಿಗೆಮ್ಮ ಅಂತ ಸಹಿ ಮಾಡಿದಳು, ಪಕ್ಕದಲ್ಲೇ ಹೆಬ್ಬೆಟ್ಟೂ ಒತ್ತಿಸಿದರು.

ಏಳುವಾಗ ಅವ್ವ ಹಣ ಯಾವಾಗ ಬರುತ್ತೆ ಅಂತ ಕೇಳಲಿಲ್ಲ. "ಆ ಫೋಟೋ ನನಗ ಕೊಡ್ತೀರೇನ್ರಿ?" ಅಂದಳು. ಫಾರ್ಮಿನಿಂದ ತೆಗೆಯೋಕೆ ಬರಲ್ಲ ಅಂತ ಹೇಳಿ, ಆ ಫೋಟೋ ಅಷ್ಟನ್ನೇ ಮೊಬೈಲಿನಲ್ಲಿ ತೆಗೆದುಕೊಳ್ಳಲು ಬಿಟ್ಟರು. ಅಷ್ಟು ಚಿಕ್ಕ ವಯಸ್ಸಿನ ಅವ್ವನ ಇನ್ನೊಂದು ಫೋಟೋ ನಮ್ಮ ಮನೆಯಲ್ಲಿಲ್ಲ.

ಬಸ್ಸಿನಲ್ಲಿ ಅವ್ವ ನನ್ನ ಫೋನು ಕೊಡಲೇ ಇಲ್ಲ. ಎರಡು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದಳು. ಕುಕನೂರು ದಾಟಿದ ಮೇಲೆ ಹೇಳಿದಳು, "ಈ ಸೀರಿ ನಂದಲ್ಲ, ನಿಮ್ಮ ದೊಡ್ಡವ್ವಂದು. ಫೋಟೋಕ್ಕಂತ ಇಸ್ಕೊಂಡು ಉಟ್ಟಿದ್ದೆ."